ಗಡಿಯಾರಕ್ಕೆ ಕಲಿಸಿದ ತುಳು

ಮುಖ್ಯ ಕೋಚ್ ಬಿಳಿ ಹಲಗೆಯ ಮೇಲೆ ದೊಡ್ಡದಾಗಿ 'ಟೆಂಪೋ' ಎಂದು ಬರೆದು, ಕೆಳಗೆ ಎರಡು ಗೆರೆ ಎಳೆದಾಗ ನನಗೆ ನಗು ತಡೆಯಲಾಗಲಿಲ್ಲ. ನಮ್ಮ ಕರಾವಳಿಯವರಿಗೆ ಟೆಂಪೋ ಎಂದರೆ ಬಂದರಿನಿಂದ ಮೀನು ಹೇರಿಕೊಂಡು ದಾರಿಯುದ್ದಕ್ಕೂ ನೀರು ಸುರಿಸುತ್ತ ಹೋಗುವ ಗಾಡಿ. ಅಮೆರಿಕದ ಈ ಮನುಷ್ಯ ರಿಯಾದಿನ ಕಾಲೇಜೊಂದರ ಕೋಣೆಯಲ್ಲಿ ನಿಂತು, ನಮ್ಮ ಹತ್ತಿರ ಟೆಂಪೋ ಇಲ್ಲ, ಟೆಂಪೋ ಇಲ್ಲದೆ ನಾವು ಯಾರನ್ನೂ ಗೆಲ್ಲಲಾರೆವು ಎಂದು ಗಂಭೀರವಾಗಿ ಹೇಳುತ್ತಿದ್ದರು. ಹುಡುಗರು ತಲೆಯಾಡಿಸಿದರು. ನಾನು ಹಿಂದಿನ ಸಾಲಿನಲ್ಲಿ ಕೆಮ್ಮು ಬಂದವನ ಹಾಗೆ ಬಾಯಿಗೆ ಕೈ ಅಡ್ಡ ಹಿಡಿದೆ.

ಆಟ ಅಮೆರಿಕನ್ ಫುಟ್‌ಬಾಲ್. ಅದರಲ್ಲೂ ಕೆಡವದೆ, ಗುದ್ದದೆ ಆಡುವ ಬಗೆ. ಆಟಗಾರರ ಸೊಂಟಕ್ಕೆ ಎರಡು ಪಟ್ಟಿಗಳು ತೂಗುತ್ತಿರುತ್ತವೆ. ಚೆಂಡು ಹಿಡಿದು ಓಡುವವನ ಪಟ್ಟಿಯನ್ನು ಎದುರಾಳಿ ಕಿತ್ತರೆ ಆ ಓಟ ಅಲ್ಲಿಗೆ ಮುಗಿಯಿತು. ಒಂದು ಕಡೆಗೆ ಐದು ಜನ. ನಾಲ್ಕು ಪ್ರಯತ್ನಗಳಲ್ಲಿ ಮೈದಾನದ ನಡುಗೆರೆ ದಾಟಬೇಕು, ದಾಟಿದರೆ ಕೊನೆಯ ಗೆರೆ ಮುಟ್ಟಲು ಮತ್ತೆ ನಾಲ್ಕು ಪ್ರಯತ್ನ ಸಿಗುತ್ತದೆ. ಪ್ರತಿ ಪ್ರಯತ್ನಕ್ಕೂ ಮೊದಲು ಅರ್ಧ ನಿಮಿಷಕ್ಕೂ ಕಡಿಮೆಯ ಒಂದು ಗಡುವಿದೆ. ಅಷ್ಟರೊಳಗೆ ಚೆಂಡು ಎತ್ತಬೇಕು. ಸಾಮಾನ್ಯವಾಗಿ ಎಲ್ಲ ತಂಡಗಳೂ ಆ ಹೊತ್ತಿನಲ್ಲಿ ಗುಂಪುಗೂಡಿ, ತಲೆಗೆ ತಲೆ ಕೊಟ್ಟು, ಮುಂದೇನು ಎಂದು ಪಿಸುಗುಟ್ಟುತ್ತವೆ. ಗುಂಪುಗೂಡದೆ, ಎದುರಾಳಿಗೆ ಉಸಿರು ಬಿಡಲು ಕೊಡದೆ, ಚೆಂಡು ಇಟ್ಟ ತಕ್ಷಣ ಎತ್ತಿ ಮತ್ತೆ ನುಗ್ಗಿದರೆ ಅದು ಒಂದು ಟೆಂಪೋ. ನಾವು ಮುಂದಿದ್ದಾಗ ಗಡುವಿನ ಕೊನೆಯ ಚೂರನ್ನೂ ಬಿಡದೆ ಬಳಸಿ, ಆಟದ ಸಮಯವನ್ನು ಕರಗಿಸಿದರೆ ಅದು ಇನ್ನೊಂದು.

ಹಲಗೆಯ ಮೇಲಿನ ಬಾಣಗಳೆಲ್ಲ ನನಗೆ ತಲೆಬುಡ ಅರ್ಥವಾಗಿರಲಿಲ್ಲ. ಆದರೆ ಈ ಗಡಿಯಾರದ ವಿಷಯ ಮಾತ್ರ ಕೂಡಲೇ ಹೊಳೆಯಿತು. ಕಬಡ್ಡಿಯಲ್ಲಿ ಎದುರಾಳಿ ಅಂಗಳಕ್ಕೆ ಹೋಗಿ ಬರಲು ಮೂವತ್ತು ಸೆಕೆಂಡು. ಮುಂದಿರುವ ತಂಡದ ಆಟಗಾರ ಏನು ಮಾಡುತ್ತಾನೆ? ಹೋಗುತ್ತಾನೆ, ಗೆರೆ ಮುಟ್ಟುತ್ತಾನೆ, ಯಾರ ಗೊಡವೆಗೂ ಹೋಗದೆ ಕೊನೆಯ ಘಳಿಗೆಯವರೆಗೆ ಉಸಿರು ಹಿಡಿದು ವಾಪಸು ಬರುತ್ತಾನೆ. ಪ್ರೇಕ್ಷಕರು ಬೈಯುತ್ತಾರೆ, ಅವನು ಗೆಲ್ಲುತ್ತಾನೆ. ನಾನು ಕಾಲೇಜು ದಿನಗಳಲ್ಲಿ ಅದನ್ನೇ ಮಾಡಿ ಬೈಸಿಕೊಂಡವನು. ಅಭ್ಯಾಸದ ಒಂದು ಸಂಜೆ ಇದನ್ನು ಮುಖ್ಯ ಕೋಚಿಗೆ ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವರು ಮೈದಾನದ ಸಾಮಾನು ನೋಡಿಕೊಳ್ಳುತ್ತಿದ್ದ ನನ್ನನ್ನು ಮರುದಿನದಿಂದ ಗಡಿಯಾರದ ಹೊಣೆಗಾರನಾಗಿ ಪಕ್ಕದಲ್ಲಿ ನಿಲ್ಲಿಸಿಕೊಂಡರು.

ಅವರು ಒಂದು ಮಾತು ಕೊಟ್ಟರು. ಅಂತರ ಕಾಲೇಜು ಕೂಟದಲ್ಲಿ ನಾವು ಫೈನಲ್ ತಲುಪಿದರೆ ನನ್ನನ್ನು ಸಹಾಯಕ ಕೋಚ್ ಆಗಿ ನೇಮಿಸಲು ಬರೆಯುತ್ತೇನೆ ಎಂದರು. ಊರಿನಲ್ಲಿ ಕೂತು ಕೇಳುವವರಿಗೆ ಇದು ಬರೀ ಪದವಿಯ ಮಾತು ಅನಿಸಬಹುದು. ಇಲ್ಲಿ ಇರಲು ಕೊಡುವ ಪರವಾನಗಿ ಚೀಟಿ ಇಕಾಮಾದಲ್ಲಿ, ನನ್ನ ವೃತ್ತಿ ಎಂಬಲ್ಲಿ 'ಆಮಿಲ್' ಎಂದಿತ್ತು, ಅಂದರೆ ಕೂಲಿಯವ. ಆಮಿಲನಿಗೆ ಸಂಸಾರ ಕರೆಸಿಕೊಳ್ಳುವ ವೀಸಾ ಸಿಗುವುದಿಲ್ಲ. ಕೋಚ್ ಎಂದಾದರೆ ಸಿಗುತ್ತದೆ. ಹೆಂಡತಿ ಮತ್ತು ಮಗಳು ಪುತ್ತೂರಿನಲ್ಲಿದ್ದರು. ನಾನು ರಜೆಯಲ್ಲಿ ಮನೆಗೆ ಹೋದರೆ ಮಗಳು ಮೊದಲ ವಾರ ಹತ್ತಿರ ಬರುತ್ತಿರಲಿಲ್ಲ, ಎರಡನೆಯ ವಾರ ಬಿಡುತ್ತಿರಲಿಲ್ಲ. ಆ ಕಾಗದದ ಮೇಲಿನ ಒಂದು ಪದ ಬದಲಾಗಲಿ ಎಂದು ನಾನು ಎಷ್ಟು ಆಸೆಪಟ್ಟಿದ್ದೆ ಎಂದು ಹೇಳಲು ನನಗೆ ನಾಚಿಕೆಯಿಲ್ಲ.

ಕಷ್ಟವಿದ್ದದ್ದು ಕೂಗುವುದರಲ್ಲಿ. ಗುಂಪುಗೂಡದೆ ಆಡಬೇಕಾದರೆ ಮೈದಾನದ ಹೊರಗಿನಿಂದ ಒಂದೇ ಕೂಗಿಗೆ ಐದೂ ಜನರಿಗೆ ವಿಷಯ ತಿಳಿಯಬೇಕು. ಇಂಗ್ಲಿಷ್ ಆಗಲಿ ಅರಬಿ ಆಗಲಿ ಎದುರಾಳಿಗೂ ತಿಳಿಯುತ್ತದೆ. ಮುಖ್ಯ ಕೋಚ್ ಚಿತ್ರದ ಫಲಕಗಳನ್ನು ತರಿಸಿದರು, ಕೈಸನ್ನೆ ಕಲಿಸಿದರು. ಬೆನ್ನು ಹಾಕಿ ಓಡಿದ ಹುಡುಗರಿಗೆ ಅದು ಯಾವುದೂ ಕಾಣುತ್ತಿರಲಿಲ್ಲ. ಆಗ ನನಗೆ ತುಳು ನೆನಪಾಯಿತು.

ತುಳು ನೆನಪಾದದ್ದು ಅಡುಗೆಮನೆಯಲ್ಲಿ, ನನ್ನ ರೂಮ್‌ಮೇಟ್ ಜೊತೆಗಿದ್ದಾಗ. ಅವನು ಉಪ್ಪಿನಂಗಡಿ ಕಡೆಯ ಬ್ಯಾರಿ ಮುಸಲ್ಮಾನ, ಇನ್ನೊಂದು ಕಾಲೇಜಿನಲ್ಲಿ ಆಟಗಾರರ ಪೆಟ್ಟು-ನೋವು ನೋಡಿಕೊಳ್ಳುವ ಫಿಸಿಯೊ. ಊರಿನಲ್ಲಿ ಒಂದೇ ತಂಡಕ್ಕೆ ಕಬಡ್ಡಿ ಆಡಿದವರು ನಾವು. ನಾನು ದಾಳಿಗೆ ಹೋಗುವವನು, ಅವನು ಮೂಲೆಯಲ್ಲಿ ನಿಂತು ಕಾಲು ಹಿಡಿಯುವವನು. ರಿಯಾದಿಗೆ ಬಂದಾಗ ನನ್ನನ್ನು ವಿಮಾನ ನಿಲ್ದಾಣದಿಂದ ಕರೆದುಕೊಂಡು ಬಂದು, ತನ್ನ ಕೋಣೆಯಲ್ಲಿ ಇನ್ನೊಂದು ಮಂಚ ಹಾಕಿಸಿದವನು ಅವನೇ. ಮನೆಯಲ್ಲಿ ಅವನು ಬ್ಯಾರಿ ಮಾತನಾಡುವವ, ನಮ್ಮಿಬ್ಬರ ನಡುವೆ ಯಾವಾಗಲೂ ತುಳು. ಅವನು ಮೀನುಸಾರಿನ ಪಾತ್ರೆಯ ಮುಂದೆ ಸೌಟು ಹಿಡಿದು ನಿಂತಿದ್ದ. ನಾನು ಸಮಸ್ಯೆ ಹೇಳಿದೆ. ನಗುನಗುತ್ತಲೇ ನಾವು ಮೂರು ಪದ ಆರಿಸಿದೆವು. ವೇಗಕ್ಕೆ 'ಬಲಿಪು', ಓಡು ಎಂದು. ಗಡಿಯಾರ ನಿಲ್ಲಿಸುವುದಕ್ಕೆ 'ಉಂತು', ನಿಲ್ಲು ಎಂದು. ಸಮಯ ಕರಗಿಸುವುದಕ್ಕೆ ನನಗೆ ಪದ ಹೊಳೆಯಲಿಲ್ಲ. ಅವನೇ 'ಕುಲ್ಲು' ಎಂದ, ಕೂತುಕೋ ಎಂದು. ಗಡಿಯಾರದ ಮೇಲೆ ಕೂತುಬಿಡಲಿ ನಿನ್ನ ಹುಡುಗರು ಎಂದ. ಆಗ ಅವನ ಕಾಲೇಜಿನಲ್ಲಿ ಈ ಆಟದ ತಂಡವೇ ಇರಲಿಲ್ಲ.

ಹುಡುಗರಿಗೆ ಕಲಿಸುವುದು ತಮಾಷೆಯಾಗಿತ್ತು. ಅರಬಿಯಲ್ಲಿ ಪ ಅಕ್ಷರ ಇಲ್ಲದ್ದರಿಂದ ಬಲಿಪು ಹೋಗಿ 'ಬಲಿಬು' ಆಯಿತು. ಉಂತು ಪರವಾಗಿಲ್ಲ. ಎಡವಟ್ಟಾದದ್ದು ಕುಲ್ಲುವಿನಲ್ಲಿ. ಮೊದಲ ದಿನ ನಾನು ದೊಡ್ಡ ದನಿಯಲ್ಲಿ ಕುಲ್ಲು ಎಂದು ಕೂಗಿದ್ದೇ ತಡ, ಚೆಂಡೆಸೆಯುವ ಕ್ಯಾಪ್ಟನ್ ಒಬ್ಬನನ್ನು ಬಿಟ್ಟು ಉಳಿದ ನಾಲ್ವರೂ ಶಾಲೆ ಬಿಟ್ಟ ಮಕ್ಕಳ ಹಾಗೆ ಮುಂದಕ್ಕೆ ಓಡಿಬಿಟ್ಟರು. ನಾನು ತಲೆಮೇಲೆ ಕೈ ಹೊತ್ತೆ. ಅರಬಿಯಲ್ಲಿ ಕುಲ್ಲು ಎಂದರೆ 'ಎಲ್ಲ'. ಎಲ್ಲರೂ ಹೋಗಿ ಎಂದು ಅವರು ತಿಳಿದಿದ್ದರು. ಕ್ಯಾಪ್ಟನ್ ಜಾಣ. ಅವನು ಗೆಳೆಯರಿಗೆ, ಈತ ಹೇಳುವುದು ಸಮಯವನ್ನೆಲ್ಲ ತಿನ್ನಿ ಎಂದು, ಹಾಗೆ ನೆನಪಿಟ್ಟುಕೊಳ್ಳಿ ಎಂದು ಸಮಾಧಾನ ಹೇಳಿದ. ಆಮೇಲೆ ತಪ್ಪಲಿಲ್ಲ.

ಪದಕ್ಕೆ ತಕ್ಕಂತೆ ಆಟವೂ ಬದಲಾಗುತ್ತಿತ್ತು, ಇದನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಬಲಿಪು ಎಂದರೆ ಹಿಂದಿನ ಜಾಗದಲ್ಲೇ ನಿಂತು, ಹಿಂದಿನ ಆಟವನ್ನೇ ಕೂಡಲೇ ಮತ್ತೆ ಆಡುವುದು. ಕುಲ್ಲು ಎಂದರೆ ನಿಧಾನವಾಗಿ ನಿಂತು, ಗಡುವು ಮುಗಿಯುವ ಹೊತ್ತಿಗೆ ಚೆಂಡೆತ್ತಿ, ಮೈದಾನದ ನಡುವೆಯೇ ಹತ್ತಿರದವನಿಗೆ ಎಸೆಯುವುದು. ಅವನು ಹೊರಗೆ ಹೋಗಬಾರದು. ಉಂತು ಎಂದರೆ ಅಂಚಿನ ಗೆರೆಯ ಬಳಿ ಎಸೆಯುವುದು. ಪ್ರತಿ ಅರ್ಧದ ಕೊನೆಯ ಎರಡು ನಿಮಿಷಗಳಲ್ಲಿ ಚೆಂಡು ಹಿಡಿದವನು ಗೆರೆಯಾಚೆ ಕಾಲಿಟ್ಟರೆ ಗಡಿಯಾರ ನಿಲ್ಲುತ್ತದೆ. ಹಾಗಾಗಿ ನಮ್ಮ ಪದ ತಿಳಿದವನಿಗೆ ಬರೀ ವೇಗ ತಿಳಿಯುವುದಿಲ್ಲ, ಚೆಂಡು ಎಲ್ಲಿಗೆ ಬರುತ್ತದೆ ಎನ್ನುವುದೂ ತಿಳಿಯುತ್ತದೆ. ಪದ ತಿಳಿದವರು ಎದುರು ಸಿಕ್ಕರೆ ಏನು ಗತಿ ಎಂಬ ಯೋಚನೆ ಆಗಲೇ ಬಂದಿತ್ತು. ರಿಯಾದಿನಲ್ಲಿ ಅಮೆರಿಕನ್ ಫುಟ್‌ಬಾಲ್ ನೋಡಲು ತುಳುವಿನವರು ಯಾರು ಬರುತ್ತಾರೆ ಎಂದು ಬಿಟ್ಟುಬಿಟ್ಟೆ.

ಪಂದ್ಯಗಳನ್ನು ಗೆಲ್ಲುತ್ತ ಹೋದೆವು. ಎದುರಾಳಿ ಕೋಚ್‌ಗಳು ನನ್ನ ಬಾಯಿಯನ್ನೇ ನೋಡುತ್ತಿದ್ದರು. ಒಬ್ಬರಂತೂ ಇದು ಮಲಯಾಳವೇ ಎಂದು ತಮ್ಮ ಕೇರಳದ ಚಾಲಕನನ್ನು ಕರೆತಂದು ಕೇಳಿಸಿದರಂತೆ. ಅವನು ಕೈ ಚೆಲ್ಲಿದನಂತೆ. ನಾನು ಅದನ್ನು ರೂಮಿಗೆ ಬಂದು ಹೇಳಿ ಇಬ್ಬರೂ ನಕ್ಕೆವು.

ಅಷ್ಟರಲ್ಲಿ ಅವನ ಕಾಲೇಜೂ ತಂಡ ಕಟ್ಟಿತು. ಮೊದಮೊದಲು ಸೋತರು, ಆಮೇಲೆ ಚೇತರಿಸಿಕೊಂಡರು. ಸೆಮಿಫೈನಲಿನಲ್ಲಿ ನಮಗೆ ಬಿದ್ದದ್ದು ಅವರೇ. ಅದು ತಿಳಿದ ದಿನ ಅವನೇ ಮೊದಲು ಮಾತೆತ್ತಿದ. ನಾವು ತುಳುವಿನಲ್ಲಿ ಆಡಿದ್ದನ್ನು ನಿಮಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇನ್ನು ಪಂದ್ಯ ಮುಗಿಯುವವರೆಗೆ ರೂಮಲ್ಲಿ ಆಟದ ಮಾತು ಬೇಡ ಮಾರಾಯ. ನಿನ್ನದು ನಿನಗೆ, ನನ್ನದು ನನಗೆ."

ಕೈ ಮುಂದೆ ಚಾಚಿದ. ನಾನು ಕೈ ಕುಲುಕಿದೆ. ಅವನ ಮೇಲೆ ಗೌರವ ಹೆಚ್ಚಾಯಿತು. ನಂತರದ ಎರಡು ವಾರ ನಾವು ಊರಿನ ಸುದ್ದಿ, ಮೀನಿನ ರುಚಿ, ಮೆಟ್ರೊದ ನೂಕುನುಗ್ಗಲು ಇವಿಷ್ಟನ್ನೇ ಮಾತನಾಡಿದೆವು. ಮೂರು ಪದಗಳನ್ನು ಬದಲಿಸಬೇಕೇ ಎಂದು ನನಗೆ ಒಂದು ಸಲವೂ ಅನ್ನಿಸಲಿಲ್ಲ. ಅನ್ನಿಸಿದ್ದರೆ ನನ್ನ ಬಗ್ಗೆ ನನಗೇ ಅಸಹ್ಯವಾಗುತ್ತಿತ್ತು.

ಪಂದ್ಯ ಇಳಿಹೊತ್ತಿನ ಅಸರ್ ನಮಾಜಿನ ನಂತರ ಶುರುವಾಗಿ, ಸೂರ್ಯ ಮುಳುಗುವ ಹೊತ್ತಿನ ಮಗ್ರಿಬ್ ನಮಾಜಿಗೆ ಮಧ್ಯಂತರ ಬರುವಂತೆ ಇಟ್ಟಿದ್ದರು. ಚಳಿಗಾಲದ ಹಿತವಾದ ಬಿಸಿಲು. ಎದುರು ಬೆಂಚಿನ ಬಳಿ ಅವನು ತನ್ನ ಚೀಲ, ಐಸಿನ ಡಬ್ಬ ಇಟ್ಟುಕೊಂಡು ನಿಂತಿದ್ದ. ನಾನು ಕೈ ಎತ್ತಿದೆ, ಅವನೂ ಎತ್ತಿದ.

ಮೊದಲ ಸರದಿಯಲ್ಲೇ ಏನೋ ಸರಿಯಿಲ್ಲ ಅನ್ನಿಸಿತು. ನಾನು ಬಲಿಪು ಎಂದರೆ ಎದುರಾಳಿಗಳು ದಣಿದು ತಡಕಾಡಬೇಕು, ಅಲ್ಲವೇ? ಇವರು ಚೆಂಡು ಇಡುವ ಮೊದಲೇ ಬಗ್ಗಿ ನಿಂತಿರುತ್ತಿದ್ದರು. ಕುಲ್ಲು ಎಂದರೆ ನಡುವೆ ಗುಂಪಾಗಿ ಬಂದು ಚೆಂಡು ಹಿಡಿದವನ ಪಟ್ಟಿಯನ್ನು ಅಲ್ಲೇ ಕೀಳುತ್ತಿದ್ದರು. ಚೆನ್ನಾಗಿ ತಯಾರಾಗಿ ಬಂದಿದ್ದಾರೆ ಎಂದುಕೊಂಡೆ. ಮುಖ್ಯ ಕೋಚ್ ನನ್ನ ಕಡೆ ನೋಡಿದರು, ನಾನು ಹೆಗಲು ಹಾರಿಸಿದೆ.

ಮೊದಲರ್ಧದ ಕೊನೆಗೆ ಒಂದು ಕೆಟ್ಟ ಹೊಡೆತ ಬಿತ್ತು. ಗಡಿಯಾರ ನಿಲ್ಲಿಸಲು ಉಂತು ಎಂದು ಕೂಗಿದೆ. ಕ್ಯಾಪ್ಟನ್ ಅಂಚಿನ ಗೆರೆಗೆ ಎಸೆದ. ಅವರ ಆಟಗಾರನೊಬ್ಬ ನಮ್ಮವನಿಗಿಂತ ಮೊದಲೇ ಹೋಗಿ ಆ ಗೆರೆಯ ಮೇಲೆ ನಿಂತಿದ್ದ. ಬಸ್ಸಿಗೆ ಕಾಯುವವನ ಹಾಗೆ ನಿಂತಿದ್ದ. ಚೆಂಡು ಕಿತ್ತುಕೊಂಡು ಒಂದೇ ಓಟಕ್ಕೆ ನಮ್ಮ ಕೊನೆಯ ಗೆರೆ ದಾಟಿದ.

ಆಗ ನಾನು ಎದುರು ಬೆಂಚಿನ ಕಡೆ ಸರಿಯಾಗಿ ನೋಡಿದೆ. ಫಿಸಿಯೊ ಐಸಿನ ಡಬ್ಬದ ಬಳಿ ಇರಲಿಲ್ಲ. ಅವರ ಕೋಚಿನ ಬಲಭುಜಕ್ಕೆ ಅಂಟಿಕೊಂಡು, ನನಗೆ ಬೆನ್ನು ಹಾಕಿ ನಿಂತಿದ್ದ.

ನಂಬಲು ಮನಸ್ಸಾಗಲಿಲ್ಲ. ಪರೀಕ್ಷಿಸಿ ನೋಡಬೇಕು ಅನ್ನಿಸಿತು. ನಮ್ಮ ಒಬ್ಬನ ಸೊಂಟಪಟ್ಟಿಯ ಬಕ್ಕಲ್ ಮುರಿದು ಆಟ ನಿಂತಿತ್ತು. ತೀರ್ಪುಗಾರರು ಬೇರೆ ಪಟ್ಟಿ ತರಿಸುತ್ತಿದ್ದರು. ಚೆಂಡು ತೀರ್ಪುಗಾರರ ಕೈಯಲ್ಲೇ ಇತ್ತು, ಯಾರಿಗೂ ಯಾವ ಕೆಲಸವೂ ಇರಲಿಲ್ಲ. ನಾನು ಸುಮ್ಮನೆ, ಗಂಟಲು ಸರಿಮಾಡಿಕೊಳ್ಳುವವನ ಹಾಗೆ, ಬಲಿಪು ಎಂದು ಕೂಗಿದೆ. ಫಿಸಿಯೊನ ತಲೆ ಕೋಚಿನ ಕಿವಿಯ ಕಡೆ ವಾಲಿತು. ಕೋಚ್ ಚಪ್ಪಾಳೆ ತಟ್ಟಿದರು. ಅವರ ಐವರೂ ಒಟ್ಟಿಗೆ ಬಗ್ಗಿ ನಿಂತರು. ಆ ಬಗ್ಗುವಿಕೆ ಆ ಹೊತ್ತಿಗೆ ಕಲಿತದ್ದಲ್ಲ. ದಿನಗಟ್ಟಲೆ ಅಭ್ಯಾಸ ಮಾಡಿಸಿದ್ದು. ನನ್ನ ಜೊತೆ ಕೈ ಕುಲುಕಿ, ನನ್ನ ಜೊತೆ ಉಂಡು, ಬೆಳಿಗ್ಗೆ ಎದ್ದು ಹೋಗಿ ಇವನು ಇದನ್ನು ಮಾಡಿಸುತ್ತಿದ್ದ. ಕೋಪ ಆಮೇಲೆ ಬಂತು. ಮೊದಲು ಬಂದದ್ದು ಅಳು, ಅದನ್ನು ನುಂಗಿಕೊಂಡೆ.

ಮಗ್ರಿಬ್ ಆಜಾನ್ ಆಯಿತು. ಹುಡುಗರು ಕೈಕಾಲು ತೊಳೆದು ನಮಾಜಿಗೆ ಹೋದರು, ಅವನೂ ಹೋದ. ಮೈದಾನದಲ್ಲಿ ಉಳಿದವರು ನಾನು ಮತ್ತು ಮುಖ್ಯ ಕೋಚ್. ನಾನು ಮುಚ್ಚಿಡದೆ ಹೇಳಿದೆ. ಅವರಿಗೆ ನಮ್ಮ ಪದಗಳ ಅರ್ಥ ಗೊತ್ತಿದೆ, ಹೇಳುತ್ತಿರುವವನು ನನ್ನ ರೂಮ್‌ಮೇಟ್, ಪದಗಳನ್ನು ಆರಿಸುವಾಗ ಜೊತೆಗಿದ್ದವನು ಎಂದೆ. ಅವರು ಸ್ವಲ್ಪ ಹೊತ್ತು ಟೋಪಿಯ ಅಂಚು ತಿರುಚಿದರು. ಅವನು ನಿನ್ನ ರೂಮಿನವನು ಎನ್ನುವುದು ನಮ್ಮಿಬ್ಬರಲ್ಲೇ ಇರಲಿ, ಈಗ ಮುಂದೇನು ಹೇಳು ಎಂದರು. ಗುಂಪುಗೂಡುವ ಹಳೆಯ ಪದ್ಧತಿಗೆ ಹೋಗೋಣವೇ ಎಂದು ಅವರೇ ಕೇಳಿದರು. ಹೋಗಬಹುದಿತ್ತು. ಆದರೆ ನಾವು ಹಿಂದಿದ್ದೆವು. ಪ್ರತಿ ಸಲ ಗುಂಪುಗೂಡಿದರೆ ಗಡಿಯಾರ ನಮ್ಮನ್ನೇ ತಿನ್ನುತ್ತದೆ. ಹೊಸ ಪದಗಳನ್ನು ಕಲಿಸೋಣವೆಂದರೆ ನಮಾಜು ಮುಗಿಯುವುದರೊಳಗೆ ಯಾರೂ ಒಂದು ಭಾಷೆ ಕಲಿಯುವುದಿಲ್ಲ.

ನಮಾಜು ಮುಗಿಸಿ ಎಲ್ಲರೂ ಬರುವಾಗ ಅವನು ನಮ್ಮ ಬೆಂಚಿನ ಪಕ್ಕದಿಂದಲೇ ಹಾದುಹೋಗಬೇಕಿತ್ತು. ನಾನು ಎದುರು ನಿಂತೆ. ಅವನು ಕಾಲಿನ ಕಡೆ ನೋಡಿದ.

"ಎಂತ ಇದು?" ಎಂದೆ.

"ಅವರು ಕೇಳಿದ್ರು, ನಾನು ಹೇಳಿದೆ ಮಾರಾಯ. ನನ್ನ ಕಾಂಟ್ರಾಕ್ಟು ಈ ತಿಂಗಳು ಮುಗಿತದೆ. ಇದು ಆಟ ಅಲ್ವಾ, ನೀನು ಮನಸ್ಸಿಗೆ ಹಚ್ಚಿಕೊಳ್ಬೇಡ."

ಇಷ್ಟು ಹೇಳಿ ಪಕ್ಕಕ್ಕೆ ಸರಿದು ಹೋದ. ನನ್ನ ಹೆಂಡತಿ ಮಗಳು ಬರುವುದು ಈ ಆಟದ ಮೇಲೆ ನಿಂತಿದೆ ಎನ್ನುವುದು ಅವನಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ವೀಸಾ ಬಂದರೆ ಎಲ್ಲಿ ಮನೆ ನೋಡುವುದು ಎಂದು ನನಗಿಂತ ಹೆಚ್ಚು ಹುಡುಕಿದವನು ಅವನೇ.

ಹುಡುಗರು ನನ್ನ ಸುತ್ತ ಬಂದು ಕೂತರು. ಏನು ಹೇಳಬೇಕೆಂದು ಆ ಕ್ಷಣದವರೆಗೂ ನನಗೆ ಗೊತ್ತಿರಲಿಲ್ಲ. ಕ್ಯಾಪ್ಟನ್ ಸುಮ್ಮನೆ, ಆ ಕುಲ್ಲು ಹೇಳಿದಾಗಲೆಲ್ಲ ಅವರು ಹತ್ತಿರ ಬಂದು ಮುತ್ತುತ್ತಾರೆ, ಹಿಂದೆ ಒಬ್ಬನೂ ಇರುವುದಿಲ್ಲ ಎಂದ. ಅಷ್ಟು ಸಾಕಾಯಿತು. ಆ ಬೆಂಚಿನವನು ಅವರಿಗೆ ತಿಳಿಸುತ್ತಿರುವುದು ನನ್ನ ಭಾಷೆಯ ಕುಲ್ಲು. ನಿಮ್ಮ ಭಾಷೆಯ ಕುಲ್ಲು ಇನ್ನೂ ನಮ್ಮ ಹತ್ತಿರವೇ ಇದೆ ಎಂದು ಹೇಳಿದೆ. ಮೊದಲ ದಿನ ನೀವು ಮಾಡಿದ ತಪ್ಪನ್ನು ಇವತ್ತು ಮತ್ತೆ ಮಾಡಬೇಕು. ಆದರೆ ಒಂದೇ ಒಂದು ಸಲ, ಕೊನೆಯಲ್ಲಿ, ನಾನು ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ಕೂಗಿದಾಗ ಮಾತ್ರ. ಅಲ್ಲಿಯವರೆಗೆ ಕುಲ್ಲು ಎಂದರೆ ಹಳೆಯದೇ, ಅವರು ಮುತ್ತಿದರೆ ಮುತ್ತಲಿ, ಪಟ್ಟಿ ಕಿತ್ತರೆ ಕೀಳಲಿ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಮುಖ್ಯ ಕೋಚಿಗೆ ಕ್ಯಾಪ್ಟನ್ ಇಂಗ್ಲಿಷಿನಲ್ಲಿ ವಿವರಿಸಿದ. ಅವರು ನನ್ನ ಬೆನ್ನು ತಟ್ಟಿದರು.

ದ್ವಿತೀಯಾರ್ಧದ ಉದ್ದಕ್ಕೂ, ಗಡಿಯಾರ ತಿಂದರೆ ತಿನ್ನಲಿ ಎಂದು, ನಾವು ಹೆಚ್ಚಾಗಿ ಗುಂಪುಗೂಡಿಯೇ ಆಡಿದೆವು. ನಡುನಡುವೆ ಬೇಕೆಂದೇ ಹಳೆಯ ಪದಗಳನ್ನು ಹಳೆಯ ಅರ್ಥದಲ್ಲೇ ಕೂಗಿದೆ. ಅವು ಸೋಲಲೆಂದೇ ಕೂಗಿದೆ. ಎದುರು ಬೆಂಚಿಗೆ ಅನುಮಾನ ಬರಬಾರದು. ಅವನು ಪ್ರತಿ ಸಲವೂ ನಿಯತ್ತಾಗಿ ಭಾಷಾಂತರ ಮಾಡಿದ. ಒಂದು ಪ್ರಯತ್ನ ವ್ಯರ್ಥವಾದಾಗಲೆಲ್ಲ ಉಳಿದವನ್ನು ಬೆರಳಲ್ಲಿ ಎಣಿಸುತ್ತಿದ್ದೆ, ಯಾಕೆಂದರೆ ನಾನು ವ್ಯರ್ಥ ಮಾಡುತ್ತಿದ್ದದ್ದು ನನ್ನದೇ ಅವಕಾಶ. ಹುಡುಗರು ಗುಂಪುಗೂಡಿದ ಆಟದಿಂದಲೇ ಒಂದು ಸಲ ಕೊನೆಯ ಗೆರೆ ಮುಟ್ಟಿದರು. ನಾವು ಅಂತರ ಕಡಿಮೆ ಮಾಡಿಕೊಂಡೆವು. ಆದರೂ ಹಿಂದೆಯೇ ಇದ್ದೆವು. ಇನ್ನೊಂದು ಸಲ ಮುಟ್ಟಿದರೆ ಗೆಲುವು ಎಂಬಲ್ಲಿಗೆ ಆಟ ಬಂದು ನಿಂತಿತು.

ಕೊನೆಯ ಎರಡು ನಿಮಿಷದೊಳಗೆ ಚೆಂಡು ನಮ್ಮ ಕೈಯಲ್ಲಿತ್ತು, ನಡುಗೆರೆ ದಾಟಿದ್ದೆವು. ಇಲ್ಲಿ ಒಂದು ಸೂಕ್ಷ್ಮವಿದೆ. ಹಿಂದಿರುವ ತಂಡ ಅವಸರದಿಂದ ನುಗ್ಗಬೇಕು ಎಂದು ಹೊಸಬರಿಗೆ ಅನ್ನಿಸುತ್ತದೆ. ಬಲ್ಲವರು ಹಾಗೆ ಮಾಡುವುದಿಲ್ಲ. ಬೇಗ ಅಂಕ ಪಡೆದರೆ ಉಳಿದ ಸಮಯದಲ್ಲಿ ಎದುರಾಳಿ ತಿರುಗಿ ಬರುತ್ತಾನೆ. ಹಾಗಾಗಿ ಹತ್ತಿರ ಬಂದ ಮೇಲೆ ಸಮಯ ಕರಗಿಸಿ, ಕೊನೆಯ ಪ್ರಯತ್ನಕ್ಕೆ ಅಂಕ ಪಡೆಯುವುದು ಜಾಣತನ. ಅವರ ಕೋಚಿಗೂ ಇದು ಗೊತ್ತು. ನಾನು ಈಗ ಕುಲ್ಲು ಎಂದು ಕೂಗಿದರೆ ಅವರಿಗೆ ಆಶ್ಚರ್ಯವೇ ಆಗುವುದಿಲ್ಲ. ಅದಕ್ಕೇ ಈ ಘಳಿಗೆಗೆ ಕಾದಿದ್ದೆ.

ಕೈ ಬೆನ್ನ ಹಿಂದೆ ಕಟ್ಟಿಕೊಂಡೆ. ಕೂಗಿದೆ.

ಫಿಸಿಯೊ ಕೋಚಿನ ಕಿವಿಗೆ ಬಾಗಿದ್ದನ್ನು ನೋಡಿದೆ. ಕೋಚ್ ಅಂಗೈ ಕೆಳಗೆ ಮಾಡಿ ಒತ್ತಿ ತೋರಿಸಿದರು, ನಿಧಾನ, ಹತ್ತಿರ ಬನ್ನಿ ಎಂದು. ಅವರ ಐವರೂ ಮುಂದೆ ಬಂದು ನಡುವೆ ಕೋಟೆ ಕಟ್ಟಿದರು. ಅವರೆಲ್ಲರೂ ಅರಬರು, ಅವರ ಮನೆಯ ಮಾತನ್ನೇ ನಾನು ಕೂಗಿದ್ದೆ. ಆದರೆ ಕಿವಿಗೆ ಬಿದ್ದ ಸ್ವಂತ ಭಾಷೆಯನ್ನು ಬಿಟ್ಟು ಅವರು ಉಪ್ಪಿನಂಗಡಿಯವನ ಭಾಷಾಂತರವನ್ನು ನಂಬಿದರು. ಉಪ್ಪಿನಂಗಡಿಯವನು ನನ್ನನ್ನು ನಂಬಿದ. ನಾನು ಅವನನ್ನು ನಂಬಿದ್ದ ಹಾಗೆಯೇ ನಂಬಿದ, ಅದು ನನಗೆ ಆಗಲೂ ಸಂತೋಷ ಕೊಡಲಿಲ್ಲ.

ನಮ್ಮ ನಾಲ್ವರು ಒಟ್ಟಿಗೆ ಓಡಿದರು. ಕ್ಯಾಪ್ಟನ್ ಎತ್ತರಕ್ಕೆ ಎಸೆದ. ಹಿಂದೆ ಕಾಯಲು ಒಬ್ಬನೂ ಇರಲಿಲ್ಲ, ನಮ್ಮವರೇ ಇಬ್ಬರು ಚೆಂಡಿಗೆ ಕೈ ಚಾಚಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವುದರಲ್ಲಿದ್ದರು. ಹಿಡಿದರು. ಬೇಗ ಅಂಕ ಬಂದದ್ದರಿಂದ ಎದುರಾಳಿಗೆ ಸ್ವಲ್ಪ ಸಮಯ ಉಳಿಯಿತು. ಆದರೆ ಅವರಲ್ಲಿ ಗುಂಪುಗೂಡದೆ ಆಡುವ ಅಭ್ಯಾಸ ಇರಲಿಲ್ಲ, ವಿರಾಮ ಕೇಳುವ ಅವಕಾಶಗಳೂ ಮುಗಿದಿದ್ದವು. ಅವರು ತಲೆಗೆ ತಲೆ ಕೊಟ್ಟು ಮಾತನಾಡುತ್ತಿದ್ದಂತೆಯೇ ಗಡಿಯಾರ ಸೊನ್ನೆಗೆ ಬಂತು. ಹುಡುಗರು ನನ್ನನ್ನು ಎತ್ತಿಕೊಂಡರು. ಫೈನಲಿನಲ್ಲಿ ನಮಗಿಂತ ಬಲವಾದ ತಂಡದ ಎದುರು ಸೋತೆವು, ಅದರಲ್ಲಿ ಯಾವ ಮೋಸವೂ ಇರಲಿಲ್ಲ. ಹೇಗೂ ಮುಖ್ಯ ಕೋಚಿನ ಮಾತು ಇದ್ದದ್ದು ಫೈನಲ್ ತಲುಪುವುದಕ್ಕೆ. ನಾನು ಊರಿಗೆ ಫೋನು ಮಾಡಿ ಹೇಳಿಬಿಟ್ಟೆ. ಹೆಂಡತಿ ತಾನು ಪಾಠ ಹೇಳುತ್ತಿದ್ದ ಶಾಲೆಗೆ ಈ ವರ್ಷ ಮುಗಿದ ಮೇಲೆ ಬರುವುದಿಲ್ಲ ಎಂದು ತಿಳಿಸಿದಳು.

ಕೆಲವು ದಿನಗಳ ನಂತರ ಕ್ರೀಡಾ ವಿಭಾಗದ ಮುಖ್ಯಸ್ಥರು ಕರೆಸಿದರು. ಅವರು ಸಭ್ಯರು. ಅರಬಿ ಕಾಫಿ ಗಾವಾ ಕೊಡಿಸಿದರು, ಖರ್ಜೂರ ಮುಂದಿಟ್ಟರು. ಮುಖ್ಯ ಕೋಚ್ ಆಗಲೇ ಅಲ್ಲಿ ಕೂತಿದ್ದರು. ನಮ್ಮ ತಂಡದ ಸಂಕೇತಗಳು ಎದುರಾಳಿ ಕಾಲೇಜಿನ ನೌಕರನಿಗೆ ಗೊತ್ತಿದ್ದವಂತೆ, ಅವನು ನಿಮ್ಮ ರೂಮಿನಲ್ಲೇ ಇರುವವನಂತೆ, ಹೌದೇ ಎಂದು ಮುಖ್ಯಸ್ಥರು ಕೇಳಿದರು. ನಾನು ಕೋಚಿನ ಕಡೆ ನೋಡಿದೆ. ಅವರು ಕೈಯಲ್ಲಿದ್ದ ಪುಟ್ಟ ಲೋಟದೊಳಗೆ ನೋಡುತ್ತಿದ್ದರು. ಸೆಮಿಫೈನಲಿನ ಮೊದಲರ್ಧ ಯಾಕೆ ಅಷ್ಟು ಕೆಟ್ಟದಾಗಿ ಆಡಿದಿರಿ ಎಂದು ಅವರನ್ನು ಕೇಳಿದ್ದರಂತೆ. ಅವರಿಗೆ ತಮ್ಮ ತಲೆ ಉಳಿಸಿಕೊಳ್ಳಬೇಕಿತ್ತು, ನನ್ನದನ್ನು ಕೊಟ್ಟರು. ನಮ್ಮಿಬ್ಬರಲ್ಲೇ ಇರಲಿ ಎಂದವರು ಅವರೇ.

ನಾನು ಇದ್ದದ್ದನ್ನು ಹೇಳಿದೆ. ಪದ ಆರಿಸುವಾಗ ಆ ಕಾಲೇಜಿಗೆ ತಂಡವೇ ಇರಲಿಲ್ಲ, ತಂಡ ಎದುರಾದ ಮೇಲೆ ನಾನು ಒಂದು ಅಕ್ಷರವನ್ನೂ ಆಡಿಲ್ಲ, ತುಳು ಅವನಿಗೂ ಗೊತ್ತಿರುವ ಭಾಷೆ. ಮುಖ್ಯಸ್ಥರು ತಲೆಯಾಡಿಸಿದರು. ನಿಮ್ಮನ್ನು ನಾನು ನಂಬುತ್ತೇನೆ, ಆದರೆ ನೇಮಕದ ಕಾಗದ ಮೇಲೆ ಕಳಿಸುವವನು ನಾನು, ಆ ಫಿಸಿಯೊ ಬಂದು ಇದೇ ಮಾತನ್ನು ನನ್ನೆದುರು ಹೇಳಲಿ, ಅಷ್ಟು ಸಾಕು ಎಂದರು.

ಆ ಸಂಜೆ ಅವನನ್ನು ಕೇಳಿದೆ. ಬೇಡಿದೆ ಎಂದರೂ ಸರಿಯೇ. ಪಂದ್ಯದ ನಂತರ ನಾವು ಬೇಕಾದಷ್ಟೇ ಮಾತನಾಡುತ್ತಿದ್ದೆವು. ಅವನ ಕಾಂಟ್ರಾಕ್ಟು ಮುಂದುವರಿದಿತ್ತು. ಅವನು ಬಟ್ಟೆ ಮಡಿಸುತ್ತಿದ್ದವನು ನಿಲ್ಲಿಸಿ ಕೇಳಿದ.

"ನಾನು ನಿನ್ನ ಕಾಲೇಜಿಗೆ ಬಂದು ಹೇಳಿದೆ ಅಂತ ಗೊತ್ತಾದ್ರೆ ನನ್ನ ಕಾಲೇಜಿನವರು ಸುಮ್ಮನೆ ಬಿಡ್ತಾರಾ? ನಿಮ್ಮ ಸಂಕೇತ ಇವರ ಫಿಸಿಯೊನೇ ಹೇಳಿಕೊಟ್ಟದ್ದು ಅಂತ ಎಲ್ಲರಿಗೂ ಗೊತ್ತಾಗ್ತದೆ. ನನಗೂ ಮಕ್ಕಳಿದ್ದಾರೆ ಮಾರಾಯ."

"ಒಂದೇ ಮಾತು ಹೇಳ್ಬೇಕಾದ್ದು."

"ಒಂದೊಂದು ಮಾತಿಂದಲೇ ಅಲ್ವಾ ಇಷ್ಟೆಲ್ಲ ಆದದ್ದು," ಎಂದು ಮತ್ತೆ ಬಟ್ಟೆ ಮಡಿಸತೊಡಗಿದ.

ಮುಖ್ಯಸ್ಥರು ಎರಡು ವಾರ ಕಾದರು. ಆಮೇಲೆ ಮುಂದಿನ ವರ್ಷ ನೋಡೋಣ, ಇನ್ಶಾ ಅಲ್ಲಾಹ್ ಎಂದರು. ಆ ಮಾತು ಹೇಗೆ ಹೇಳಿದರೆ ಆಗುತ್ತದೆ, ಹೇಗೆ ಹೇಳಿದರೆ ಆಗುವುದಿಲ್ಲ ಎಂದು ಇಲ್ಲಿದ್ದವರಿಗೆ ಗೊತ್ತು. ಆ ಜಾಗಕ್ಕೆ ಹೊರಗಿನವರೊಬ್ಬರನ್ನು ತಂದರು. ನಾನು ಸಾಮಾನು ಕೋಣೆಗೆ ಮರಳಿದೆ.

ಹೆಂಡತಿಗೆ ಹೇಳದೆ ದಿನ ದೂಡಿದೆ. ಒಂದು ಶುಕ್ರವಾರ ಮಧ್ಯಾಹ್ನ ಅವಳೇ ಪಟ್ಟು ಹಿಡಿದು ಕೇಳಿದಳು. ಅಡುಗೆಮನೆಯ ಕಟ್ಟೆಯ ಮೇಲೆ ಫೋನು ಸ್ಪೀಕರಿನಲ್ಲಿಟ್ಟು ನಾನು ಪಾತ್ರೆ ತೊಳೆಯುತ್ತಿದ್ದೆ. ಜುಮ್ಮಾ ನಮಾಜು ಮುಗಿಸಿ ಬಂದ ಅವನು ಒಲೆಯ ಮುಂದೆ ಚಹಾಕ್ಕೆ ನೀರಿಟ್ಟಿದ್ದ. ಕಾಗದ ನಿಂತಿದೆ, ಯಾರೋ ಒಬ್ಬರು ಬಂದು ನನ್ನ ಪರವಾಗಿ ಮಾತಾಡಬೇಕಂತೆ ಎಂದಷ್ಟೇ ಹೇಳಿದೆ. ಆ ಜಾಗ ಆಗಲೇ ತುಂಬಿದ್ದನ್ನು ಹೇಳಲಿಲ್ಲ, ಅದು ಅವನಿಗೂ ಗೊತ್ತಿತ್ತು.

"ಅದಕ್ಕೆ ಇಷ್ಟು ದಿನ ಸುಮ್ಮನೆ ಕೂತದ್ದಾ ನೀವು? ಅಣ್ಣ ಇಲ್ವಾ ಅಲ್ಲಿ? ಅವರತ್ರ ಹೇಳಿ. ನಿಮ್ಮನ್ನು ಅವರಷ್ಟು ಗೊತ್ತಿರುವವರು ಯಾರಿದ್ದಾರೆ?"

ನಾನು ನಲ್ಲಿ ನಿಲ್ಲಿಸಿದೆ. ಅವಳು ಕರೆದಳು.

"ಅಣ್ಣ, ಇದ್ದೀರಾ? ಕೇಳ್ತಾ ಉಂಟಾ? ನೀವೊಂದು ಮಾತು ಹೇಳ್ತೀರಲ್ಲ ಇವರಿಗಾಗಿ?"

ಅವನು ನನ್ನ ಮುಖ ನೋಡಿದ. ಪಂದ್ಯದ ದಿನದ ನಂತರ ಅವನು ನನ್ನ ಕಣ್ಣಿಗೆ ಕಣ್ಣು ಕೊಟ್ಟದ್ದು ಅದೇ ಮೊದಲು. ಇಲ್ಲ ಎಂದು ಹೇಳಲಿ ಎಂದು ನಾನು ಆಸೆಪಟ್ಟೆ. ಹೇಳಿದ್ದರೆ ಅವನನ್ನು ಕ್ಷಮಿಸುತ್ತಿದ್ದೆನೋ ಏನೋ.

"ಹೇಳ್ತೇನೆ ತಂಗಿ," ಎಂದ. "ನಾಳೆಯೇ ಹೋಗಿ ಹೇಳ್ತೇನೆ. ನೀನು ಚಿಂತೆ ಮಾಡ್ಬೇಡ."

ದನಿ ಒಂದಿಷ್ಟೂ ನಡುಗಲಿಲ್ಲ. ಚಹಾದ ನೀರು ಉಕ್ಕುವ ಮೊದಲು ಒಲೆ ಸಣ್ಣ ಮಾಡಿದ. ಆ ಕಡೆಯಿಂದ ಅವಳು ನಿಟ್ಟುಸಿರು ಬಿಟ್ಟದ್ದು ಕೇಳಿಸಿತು. ಮಗಳನ್ನು ಕರೆದು, ಮಾವ ಎಲ್ಲ ಸರಿ ಮಾಡ್ತಾರಂತೆ ಎಂದು ಹೇಳಿದ್ದೂ ಕೇಳಿಸಿತು. ಎಷ್ಟೋ ದಿನಗಳ ನಂತರ ಅವಳ ದನಿಯಲ್ಲಿ ನೆಮ್ಮದಿ ಇತ್ತು.

"ನೋಡಿದ್ರಾ, ಕೇಳಿದ್ರೆ ಆಗ್ತದೆ," ಎಂದಳು ನನಗೆ.

ನಾನು ಹೌದು ಎಂದೆ.